ಜನವರಿಯ ಚಳಿಯಲ್ಲಿ ಪಾದ ತೊಳೆದದ್ದು

ನೋಯ್ಡಾದಲ್ಲಿದ್ದಾಗ ನಾವು ಕೆಲವು ಕನ್ನಡ ಕ್ರೈಸ್ತರು ಭಾನುವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಬೈಬಲ್ ಓದುತ್ತಿದ್ದೆವು. ನಾನು ಹುಬ್ಬಳ್ಳಿಯ ಪ್ರೊಟೆಸ್ಟೆಂಟ್, ಹೆಂಡತಿ ರೀಟಾ ಮೈಸೂರಿನ ಕ್ಯಾಥೊಲಿಕ್. ಆ ಜನವರಿಯಲ್ಲಿ ನಮ್ಮ ಮನೆಯ ಸರದಿ ಬಂತು. ಪಾಠ ನಡೆಸುವ ಜವಾಬ್ದಾರಿ ಮೊದಲ ಬಾರಿಗೆ ನನ್ನದು. ಯೇಸು ಶಿಷ್ಯರ ಪಾದ ತೊಳೆದು, ನೀವೂ ಒಬ್ಬರ ಪಾದ ಒಬ್ಬರು ತೊಳೆಯಬೇಕೆಂದು ಹೇಳುವ ಭಾಗವನ್ನು ಆರಿಸಿಕೊಂಡೆ. ಅರ್ಥ ಸ್ಪಷ್ಟವಾಗಿಯೇ ಇತ್ತು. ವಿವರಿಸುವುದೇನಿದೆ? ತೊಳೆದುಬಿಟ್ಟರಾಯಿತು!

ರೀಟಾ ಬಟಾಣಿ ಸುಲಿಯುತ್ತಾ ಕೇಳಿಸಿಕೊಂಡಳು. ಅವರ ಚರ್ಚಿನಲ್ಲಿ ಅದನ್ನು ವರ್ಷಕ್ಕೊಮ್ಮೆ, ಪವಿತ್ರ ಗುರುವಾರದಂದು ಪಾದ್ರಿಗಳು ಮಾಡುತ್ತಾರಂತೆ. ಉಳಿದ ದಿನ ಅದರ ಅರ್ಥ ಸೇವೆ ಅಂತೆ.

ವರ್ಷಕ್ಕೊಮ್ಮೆ ಎಂದು ಎಲ್ಲಿ ಬರೆದಿದೆ, ತೋರಿಸು ಎಂದೆ.

"ಬರೆದದ್ದನ್ನ ನಿಮಗಿಂತ ಮುಂಚೆ ಯಾರೂ ಓದೇ ಇಲ್ವಾ?" ಎಂದಳು. "ಅವರು ಹೇಗೆ ನಡ್ಕೊಂಡ್ರು ಅಂತಾದ್ರೂ ಸ್ವಲ್ಪ ನೋಡಬಾರದಾ?"

ಸಂಪ್ರದಾಯದ ಪೊರೆ ಕಳಚಿ ಮೂಲಕ್ಕೆ ಮರಳಬೇಕು ಎಂದು ನಾನು ಗಂಭೀರವಾಗಿ ಘೋಷಿಸಿ, ಬಟ್ಟೆ ನೆನೆಸುವ ಟಬ್ಬನ್ನು ಹಾಲಿಗೆ ತಂದೆ.

ಮೊದಲು ಬಂದವರು ಸ್ಯಾಮುವೆಲ್ ಅಂಕಲ್. ಕೇಂದ್ರ ಸರ್ಕಾರದ ಕೆಲಸದಿಂದ ನಿವೃತ್ತರಾಗಿ ವಸಂತ್ ಕುಂಜ್‌ನಲ್ಲಿ ಒಬ್ಬರೇ ಇದ್ದವರು, ಆ ಮಂಜಿನಲ್ಲಿ ಅಷ್ಟು ದೂರದಿಂದ ಬಂದಿದ್ದರು. ಹಿಂದೆಯೇ ಪಕ್ಕದ ಬ್ಲಾಕಿನ ಸುಗುಣಕ್ಕ ಬಂದರು. ನನ್ನ ಯೋಜನೆ ಕೇಳಿದ್ದೇ ಅವರು ಸೀರೆಯೊಳಗೆ ಕಾಲು ಮುದುರಿಕೊಂಡು ಕೂತುಬಿಟ್ಟರು. ಗಂಡಸರ ಕೈಗೆ ಕಾಲು ಕೊಡುವ ಪದ್ಧತಿ ತಮ್ಮ ಮನೆಯಲ್ಲಿ ಇಲ್ಲವೆಂದರು.

ಉಳಿದವರು ಮಂಜಿಗೆ ಹೆದರಿ ಬರಲಿಲ್ಲ. ಹೀಗಾಗಿ ಅಂಕಲ್ ಒಬ್ಬರೇ ಸಿಕ್ಕಿದರು. ಅವರ ಬೂಟು ಬಿಚ್ಚಿದೆ. ಉಣ್ಣೆಯ ಸಾಕ್ಸು ಎಳೆದೆ. ಒಳಗೆ ಇನ್ನೊಂದು ಸಾಕ್ಸು! ಅದರ ಮೇಲೆ ಬಿಗಿಯಾದ ಥರ್ಮಲ್ಸ್ ಒಳಪ್ಯಾಂಟು, ಮೇಲಕ್ಕೆ ಮಡಚಲು ಬರುವುದೇ ಇಲ್ಲ. ಇಷ್ಟರಲ್ಲಿ ಕರೆಂಟು ಹೋಯಿತು. ಗೀಸರಿನ ನೀರು ಇನ್ನೂ ಕಾದಿರಲಿಲ್ಲ. ಮೂಲಕ್ಕೆ ಮರಳಲು ಹೊರಟವನು ಗೀಸರಿಗೆ ಕಾಯುವುದೇ? ಇದ್ದ ನೀರನ್ನೇ ತುಂಬಿದೆ.

ಮೊಂಬತ್ತಿಯ ಬೆಳಕಿನಲ್ಲಿ ಬಗ್ಗಿ, ಒಳಗಿನ ಸಾಕ್ಸನ್ನೂ ಹೇಗೋ ಎಳೆದು ಅಂಕಲ್ ಪಾದ ಹಿಡಿದೆ. ಪಾದ ಮುಟ್ಟಿದವರನ್ನು ಹರಸುವ ಅಭ್ಯಾಸಬಲದಿಂದ ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿರಪ್ಪ," ಎಂದರು. ದೀನತೆ ತೋರಿಸಲು ಹೋದವನಿಗೆ ಆಶೀರ್ವಾದ!

ನಂತರ ಅವರ ಪಾದವನ್ನು ನೀರಿಗಿಳಿಸಿದೆ.

ಅಂಕಲ್ ಕೂಗಲಿಲ್ಲ. ಕಾಲು ಮಾತ್ರ ತಾನಾಗಿ ಝಾಡಿಸಿತು. ಟಬ್ಬು ಮಗುಚಿತು. ಹಿಡಿಯಲು ಎದ್ದ ನಾನು ನೀರಿನಲ್ಲಿ ಜಾರಿ, ಪಾಠದ ನಾಯಕನ ಘನತೆ ಸಮೇತ ಬೆನ್ನು ಕೆಳಗಾಗಿ ಬಿದ್ದೆ.

ಸುಗುಣಕ್ಕ ಎದ್ದು ಬಂದು ರೀಟಾಳೊಡನೆ ಸೇರಿ ನನ್ನನ್ನು ದಿವಾನದ ಮೇಲೆ ಬೋರಲು ಮಲಗಿಸಿದರು. ನನ್ನ ಪಾದಗಳು ಒದ್ದೆಯಾಗಿ ನಡುಗುತ್ತಿದ್ದವು. ಅಂಕಲ್ ಬರಿಗಾಲಲ್ಲೇ ಬಂದು ಪಕ್ಕದಲ್ಲಿ ಕೂತು, ಕೊರಳ ಮಫ್ಲರ್ ಬಿಚ್ಚಿ, ನನ್ನ ಬೆರಳ ಸಂದುಗಳನ್ನೂ ಬಿಡದೆ ಒರೆಸತೊಡಗಿದರು. ನಾನು ಬೇಡ, ಬೇಡ ಎಂದು ಕಾಲೆಳೆದುಕೊಂಡೆ. ಅವರು ಬಿಡಲಿಲ್ಲ.

"ನಮ್ಮೂರ ಸಭೇಲಿ ಇದನ್ನ ಓದಿದ ವಾರ ಹಿರಿಯರು ಹಾಸಿಗೆ ಹಿಡಿದವರ ಮನೆಗೆ ಹೋಗೋರು," ಎಂದರು ಮೆಲ್ಲಗೆ. "ಕಾಲಿನ ಉಗುರು ಕತ್ತರಿಸಿ ಬರೋರು. ನಮ್ಮಪ್ಪನಿಗೂ ಕತ್ತರಿಸಿದ್ರು. ಬೈಬಲಲ್ಲಿ ಉಗುರು ಅಂತ ಇಲ್ಲ, ನೋಡು. ಆದರೂ ಅವರು ಸರಿಯಾಗೇ ಓದಿದ್ರು ಅನ್ಸುತ್ತೆ."

ಈಗಲಾದರೂ ರೀಟಾ ಗೆದ್ದವಳಂತೆ ನನ್ನತ್ತ ನೋಡುವಳೆಂದುಕೊಂಡೆ. ಅವಳು ನನ್ನ ಒಳ್ಳೆಯ ಸಾಕ್ಸು ತಂದು ಅಂಕಲ್ ಕಾಲಿಗೆ ತೊಡಿಸುತ್ತಿದ್ದಳು.

ಮುಂದಿನ ಭಾನುವಾರ ಸುಗುಣಕ್ಕನ ಮನೆ. ನಾನು ಸೊಂಟ ಹಿಡಿದುಕೊಂಡು ಹೋದೆ. ಅಂದು ಪಾಠ ನಡೆಸಿದವರು ಅಂಕಲ್. ನನಗೆ ಯಾವ ಸೇವೆ ಕೊಡಬಹುದೆಂದು ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಒಟ್ಟಾಗಿ ಚರ್ಚಿಸಿ, ಒಮ್ಮತದಿಂದ ಚಹಾದ ಲೋಟ ತೊಳೆಯಲು ನೇಮಿಸಿದರು.

ಮೊದಲ ದಿನವೇ ಒಂದನ್ನು ಒಡೆದೆ.