ಕಪಾಟಿನಲ್ಲಿ ಎರಡು ಕೈ

ಅಂತ್ಯಕ್ರಿಯೆ ಮುಗಿದು ನೆಂಟರೆಲ್ಲ ಹೊರಟುಹೋಗಿದ್ದರು. ಮರುದಿನ ಬೆಳಗ್ಗೆ ಗಂಡನ ಶರ್ಟುಗಳನ್ನು ಒಗೆಯಬೇಕೋ ಮಡಿಸಿಡಬೇಕೋ ತಿಳಿಯದೆ ಅವಳು ನಿಂತಿದ್ದಾಗ ಫೋನು ಬಂತು. ಗಂಡ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಕಾಲೇಜಿನ ಅಟೆಂಡರ್.

"ಮೇಡಂ, ಇಂಥ ಹೊತ್ತಲ್ಲಿ ಕೇಳಬಾರದು. ಲ್ಯಾಬಿನ ಮನುಷ್ಯನ ಅಸ್ಥಿಪಂಜರದ ಎಡಗೈ ಕಾಣ್ತಿಲ್ಲ. ಮಧ್ಯಾಹ್ನ ತಪಾಸಣೆಯವರು ಬರ್ತಾರೆ. ಸಾರ್ ಕದ್ದೊಯ್ದಿದ್ದಾರೆ ಅಂತ ಪ್ರಿನ್ಸಿಪಾಲರು ಬರೆಸ್ತಾರಂತೆ."

ಟಿಕೆಟ್ ಕೊಡಲು ಮರೆತ ಕಂಡಕ್ಟರನನ್ನು ಹುಡುಕಿಕೊಂಡು ಹೋಗಿ ಕಾಸು ಕೊಡುತ್ತಿದ್ದ ಮನುಷ್ಯ ಅವಳ ಗಂಡ. ಕಳ್ಳನೆಂಬ ಮಾತು ಅವನ ಹಿಂದೆ ಉಳಿಯುವುದೇ? ಅವಳು ಕಪಾಟು ಜಾಲಾಡಿದಳು. ಶರ್ಟುಗಳ ಹಿಂದೆ, ಟವೆಲಿನಲ್ಲಿ ಸುತ್ತಿದ ಮೂಳೆಯ ಕೈ ಸಿಕ್ಕಿತು. ಅದರ ಪಕ್ಕದಲ್ಲಿ ಇನ್ನೊಂದು.

ಅತ್ತೆ ಇಣುಕಿ ನೋಡಿದರು. "ಎರಡು ಕೈ ಇದ್ದೋನು ಮತ್ತೆರಡನ್ನ ಯಾಕೆ ತಂದಿಟ್ಕೊಂಡ?"

ಆಗ ಅವಳಿಗೆ ನೆನಪಾಯಿತು. ಪಾಠಕ್ಕೆಂದು ಮೃಗಾಲಯದ ಮ್ಯೂಸಿಯಮ್ಮಿನಿಂದ ಕರಡಿಯ ಕೈ ಎರವಲು ತರುತ್ತೇನೆ ಎಂದಿದ್ದ. ಉಗುರಿನ ಮೂಳೆ ತೆಗೆದರೆ ಅದು ಥೇಟ್ ಮನುಷ್ಯನದೇ. ನಮಗೆ ಹೆಬ್ಬೆರಳು ದಪ್ಪ, ಕರಡಿಗೆ ಕಿರುಬೆರಳು ದಪ್ಪ ಎಂದೂ ಊಟದ ನಡುವೆ ಹೇಳಿದ್ದ. ಅಂದರೆ ಒಂದು ಕಾಲೇಜಿನದು, ಒಂದು ಕರಡಿಯದು. ಉಗುರಂತೂ ಎರಡರಲ್ಲೂ ಇರಲಿಲ್ಲ. ಯಾವುದು ಯಾವುದು? ಮಗುಚಿ ಇಟ್ಟರೆ ಹೆಬ್ಬೆರಳೇ ಕಿರುಬೆರಳಾಗುತ್ತಿತ್ತು. ಅವಳ ತಲೆ ಗಿರಗಿಟ್ಲೆಯಾಯಿತು.

ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಕಂಪೌಂಡರ್, ಕರೆಯದೇ ಬರುವ ಬೆಕ್ಕಿನ ಹಾಗೆ ಒಳಗೆ ಬಂದರು.

"ಇದಕ್ಯಾಕಮ್ಮ ಇಷ್ಟು ಯೋಚನೆ? ಸರಿ, ಇಲ್ನೋಡು." ಎರಡನ್ನೂ ಮೇಜಿನ ಮೇಲೆ ಅಂಗಾತ ಹಾಕಿ, ಅಲ್ಲಲ್ಲ ಎಂದು ಬೋರಲು ಹಾಕಿ, ತಮ್ಮ ಎಡಗೈಯನ್ನು ಪಕ್ಕದಲ್ಲಿ ಚಾಚಿದರು. ಒಂದರ ದಪ್ಪ ಬೆರಳು ಅವರ ಹೆಬ್ಬೆರಳಿನ ಕಡೆಗೇ ಇತ್ತು. ಇನ್ನೊಂದರದು ಆಚೆ ಕಡೆಗೆ. "ಅಳೆದು ಹೊಲಿದ ಹಾಗಿದೆ! ಇದೇ ಮನುಷ್ಯನ ಎಡಗೈ. ಅದು ಕರಡಿ."

"ನಿಮ್ಮ ಕೈ ಮನುಷ್ಯನದೇ ತಾನೆ?" ಎಂದರು ಅತ್ತೆ.

ಕಾಲೇಜಿನಲ್ಲಿ ಅಟೆಂಡರ್ ಆ ಕೈಯನ್ನು ತಂತಿ ಸುತ್ತಿ ಅಸ್ಥಿಪಂಜರಕ್ಕೆ ಬಿಗಿದ. ಕೊಂಚ ಗಿಡ್ಡವಾಗಿ ಕಂಡಿತು. ತಪಾಸಣೆಯ ಹಿರಿಯರು ಅದರ ಕೈ ಕುಲುಕಿ, "ಮಾನವ ಅಸ್ಥಿಪಂಜರ ಪರಿಪೂರ್ಣ" ಎಂದು ಬರೆದು ಸಹಿ ಹಾಕಿದರು. ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡು, "ಸಾರ್ ಬಂಗಾರದಂಥ ಮನುಷ್ಯ ಅಂತ ನಾನು ಆಗಲೇ ಹೇಳ್ತಿದ್ದೆ" ಎಂದರು.

ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಉಳಿದ ಕೈಯನ್ನು ಚೀಲದಲ್ಲಿ ಹಾಕಿಕೊಂಡು ಅವಳು ಮ್ಯೂಸಿಯಮ್ಮಿಗೆ ಹೊರಟಳು. ದಾರಿಯಲ್ಲಿ ಅಟೆಂಡರನ ಫೋನು. ದನಿ ಪಿಸುಪಿಸು.

"ಮೇಡಂ, ನಮ್ಮ ಕೈ ಸಿಕ್ತು. ಪ್ರಿನ್ಸಿಪಾಲರ ಡ್ರಾಯರಲ್ಲೇ ಇತ್ತು, ಬೆನ್ನು ತುರಿಸ್ಕೊಳ್ಳೋಕೆ ಇಟ್ಕೊಂಡಿದ್ರಂತೆ."

"ಹಾಗಾದ್ರೆ ನಾನು ಕೊಟ್ಟಿದ್ದು?"

"ಅದು ಏನೇ ಆಗಿರ್ಲಿ ಮೇಡಂ, ಸಹಿ ಬಿದ್ದಾಯ್ತು. ಈಗ ಬಿಚ್ಚಿದ್ರೆ ನನ್ನ ಕೆಲಸ ಹೋಗುತ್ತೆ. ದಯವಿಟ್ಟು ಯಾರ ಹತ್ರಾನೂ ಬಾಯಿಬಿಡಬೇಡಿ."

ಮ್ಯೂಸಿಯಮ್ಮಿನಲ್ಲಿ ಕರಡಿಯ ಅಸ್ಥಿಪಂಜರ ಎರಡೂ ಮುಂಗೈಯಿಲ್ಲದೆ ನಿಂತಿತ್ತು. ಗಂಡನ ಹೆಸರು ಹೇಳಿ ಅವಳು ಚೀಲದಿಂದ ತೆಗೆದುಕೊಟ್ಟದ್ದನ್ನು ಕಾವಲುಗಾರ ತಿರುಗಿಸಿ ನೋಡಿ, ಖುಷಿಯಿಂದ ತಲೆಯಾಡಿಸಿದ.

"ಇದು ಎಡದ್ದು. ಬಲದ್ದು ಎಲ್ಲಮ್ಮಾ? ಸಾರ್ ಎರಡನ್ನೂ ಒಟ್ಟಿಗೆ ಒಯ್ದಿದ್ರಲ್ಲ?"

ಮೇಜಿನ ಮೇಲೆ ಕಂಪೌಂಡರರಿಗೆ ಮನುಷ್ಯನ ಎಡಗೈಯಾಗಿ ಕಂಡದ್ದು ಕರಡಿಯ ಬಲಗೈ ಎಂದು ಅವಳಿಗೆ ಅರ್ಥವಾಯಿತು. ಬಾಯಿ ತೆರೆದಳು. ಅಟೆಂಡರನ ಕೆಲಸ ನೆನಪಾಗಿ ಮುಚ್ಚಿದಳು.

"ಹೋಗ್ಲಿ ಬಿಡಿ," ಎಂದ ಅವನೇ. "ಬೇರೆ ಯಾರೇ ಆಗಿದ್ರೂ ಕಳ್ಳ ಅಂತಿದ್ದೆ. ಸಾರ್ ಮಾತಿಗೆ ತಪ್ಪೋರಲ್ಲ. ಬಿಡುವಾದಾಗ ಅವರೇ ಬಂದು ಕೊಡ್ಲಿ, ಹೇಳಿಬಿಡಿ."

"ಹೇಳ್ತೀನಿ," ಎಂದಳು ಅವಳು.