ಚುಚ್ಚದ ಕೌದಿ

ಅತ್ತೆಯಾದವರು ಅಳಿಯನನ್ನು ಮಾತಿನಲ್ಲಿ ಚುಚ್ಚುತ್ತಾರೆ ಎಂಬುದು ಲೋಕದ ದೂರು. ನನ್ನ ಅತ್ತೆ, ಅಂದರೆ ಹೆಂಡತಿ ಸುಮಿತ್ರಳ ತಾಯಿ, ಕೊಪ್ಪದ ನಮ್ಮ ಮನೆಯಲ್ಲಿದ್ದಷ್ಟು ಕಾಲವೂ ನನಗೊಂದು ಚುಚ್ಚುಮಾತು ಆಡಲಿಲ್ಲ. ಅವರು ಚುಚ್ಚಿದ್ದೆಲ್ಲ ಸೂಜಿಯಲ್ಲಿ. ಎಲ್ಲೆಲ್ಲಿ ಎಂಬುದನ್ನು ಮಾತ್ರ ಮರ್ಯಾದಸ್ಥನಾದ ನಾನು ಹೇಳಲಾರೆ.

ಅತ್ತೆಗೆ ಕೌದಿಯ ಹುಚ್ಚು. ಹಳೇ ಸೀರೆ, ಹಳೇ ಪಂಚೆ, ಒಮ್ಮೊಮ್ಮೆ ಹಳೆಯದಾಗುವ ಮೊದಲೇ ನನ್ನ ಪಂಚೆ, ಎಲ್ಲವನ್ನೂ ಪದರ ಪದರವಾಗಿ ಹಾಸಿ ಕೈಯಲ್ಲೇ ಹೊಲಿದು, ಕಿಗ್ಗದ ಕಡೆ ತೋಟದ ಕೆಲಸದವರ ಲೈನ್ ಮನೆಗಳಿಗೆ ಕೊಡುತ್ತಿದ್ದರು. ಒಂದು ಸಂತೆಯ ದಿನ ಅಲ್ಲಿಯ ಗಿರಿಜ ಸೆರಗಿಗೆ ಸೂಜಿ ಚುಚ್ಚಿಕೊಂಡು ಬಂದಳು. ಕೌದಿಯೊಳಗೆ ಸಿಕ್ಕಿತಂತೆ, ಅಮ್ಮನಿಗೆ ಬೇಕಾದೀತು ಎಂದು ತಂದಳಂತೆ. ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ಆ ದಿನ ಅತ್ತೆ ಊಟ ಮಾಡಲಿಲ್ಲ.

"ಕೊಟ್ಟದ್ದು ಚುಚ್ಚಬಾರ್ದು. ಇನ್ನೊಂದ್ಸಲ ಹೀಂಗಾದ್ರೆ ನಾ ಸೂಜಿ ಮುಟ್ಟೂದಿಲ್ಲ," ಎಂದರು.

ಅಂದಿನಿಂದ ಪ್ರತಿ ಕೌದಿಯ ಮೇಲೂ ಯಾರಾದರೊಬ್ಬರು ಉರುಳಿ ನೋಡಬೇಕೆಂದಾಯಿತು. ನನ್ನ ತೂಕಕ್ಕೆ ಎಂಥಾ ಅಡಗಿದ ಸೂಜಿಯೂ ಹೊರಗೆ ಬರುತ್ತದೆಂದು ಸುಮಿತ್ರ ನನ್ನನ್ನೇ ಆರಿಸಿದಳು. ದೇವರಿಗೂ ಮಾಡದ ಉರುಳುಸೇವೆಯನ್ನು ಅತ್ತೆಗೆ ಮಾಡಿದ ಅಳಿಯ ಈ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಬರಬರುತ್ತಾ ಅತ್ತೆಯ ಕಣ್ಣು ಮಂಜಾಯಿತು. ಸೂಜಿಗಳು ಹೆಚ್ಚಾದವು. ಉರುಳುವಾಗ ಅವರು ಬಾಗಿಲಲ್ಲಿ ನಿಂತು, "ಎಂತಾರೂ ಚುಚ್ಚಿತಾ ಅಳಿಯಂದ್ರೆ?" ಎಂದು ಕೇಳುತ್ತಿದ್ದರು. ಹಿಂದೊಮ್ಮೆ ಮಣಿಕಟ್ಟು ಉಳುಕಿ ಹೊಲಿಗೆ ನಿಂತಾಗ, ಅವರು ಕಾಫಿಯನ್ನೂ ಬೇಡವೆಂದು ಗೋಡೆ ನೋಡುತ್ತಾ ಕೂತದ್ದನ್ನು ನಾನು ಕಂಡಿದ್ದೆ. ಹಾಗಾಗಿ ಹಲ್ಲು ಕಚ್ಚಿ, "ಇಲ್ಲ ಅತ್ತೆ, ಹತ್ತಿ ಇದ್ದಂಗಿದೆ" ಎನ್ನುತ್ತಿದ್ದೆ. ಸಿಕ್ಕಿದ ಸೂಜಿಯನ್ನು ಸದ್ದಿಲ್ಲದೆ ಅವರ ಡಬ್ಬಿಗೆ ಹಾಕುತ್ತಿದ್ದೆ. ತನ್ನ ಡಬ್ಬಿಯಲ್ಲಿ ಸೂಜಿಯೇ ಮುಗಿಯುವುದಿಲ್ಲ, ಅಕ್ಷಯಪಾತ್ರೆ ಅದು ಎಂದು ಅತ್ತೆ ಬಂದವರೆದುರು ಹೇಳಿಕೊಂಡು ನಗುತ್ತಿದ್ದರು. ಆ ನಗುವಿಗಾಗಿ ಇನ್ನೂ ನಾಲ್ಕು ಸೂಜಿ ಚುಚ್ಚಿಸಿಕೊಳ್ಳಬಹುದಿತ್ತು.

ಹೋದ ಶ್ರಾವಣದಲ್ಲಿ ಅತ್ತೆ ಹೋದರು. ಅವರು ಕೊನೆಗೆ ಹೊಲಿದು ಮುಗಿಸಿದ ಕೌದಿ ಮಂಚದ ಮೇಲಿತ್ತು. ಗಿರಿಜಳ ಮಗಳು ಬಾಣಂತಿ, ಅವಳಿಗೆ ಕೊಡೋಣ ಎಂದಳು ಸುಮಿತ್ರ. ಸರಿ ಎಂದು ಉರುಳಿದೆ. ಎಡಕ್ಕೆ ಉರುಳಿದೆ, ಬಲಕ್ಕೆ ಉರುಳಿದೆ, ಬೋರಲು ಬಿದ್ದು ಮೂಲೆಮೂಲೆ ಒತ್ತಿದೆ. ಏನೂ ಚುಚ್ಚಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ.

ಬಾಗಿಲಲ್ಲಿ ಸುಮಿತ್ರ ನಿಂತಿದ್ದಳು. "ಎಂತ, ಚುಚ್ಚಿತಾ?" ಎಂದಳು.

"ಹೌದು," ಎಂದೆ.

ಅವಳು ಕೌದಿಯನ್ನು ಬೆಳಕಿಗೆ ಹಿಡಿದು ಅಂಗುಲ ಅಂಗುಲ ತಡವಿದಳು. ಸೂಜಿ ಸಿಗಲಿಲ್ಲ. ನನ್ನ ಮುಖ ನೋಡಿ, ಕೌದಿಯನ್ನು ಮಡಚಿ ನಮ್ಮ ಮಂಚದ ಮೇಲೇ ಇಟ್ಟಳು. ಬಾಣಂತಿಗೆ ಪೇಟೆಯಿಂದ ಹೊಸ ಕಂಬಳಿ ತಂದು ಕೊಟ್ಟೆ. ಈಗ ದಿನವೂ ಆ ಕೌದಿಯ ಮೇಲೆಯೇ ಮಲಗುತ್ತೇನೆ. ಏನು ಮಾಡುವುದು, ಚುಚ್ಚುವುದನ್ನು ದಾನ ಕೊಡಬಾರದೆಂದು ಅತ್ತೆಯೇ ಹೇಳಿದ್ದರಲ್ಲ.