ದಂಟಿಗೆ ಕಟ್ಟಿದ ಕೆಂಪು ಲಾಡಿ

ಬುದ್ಧಿ ಹೇಳುವುದಕ್ಕೇ ಸಂಬಳ ಸಿಗುವ ಕೆಲಸಕ್ಕೆ ಸೇರಿದ ಮನುಷ್ಯ ಕೆಡದೆ ಉಳಿಯುವುದು ಕಷ್ಟ. ನಾನಂತೂ ಕೆಟ್ಟಿದ್ದೆ. ತೊಂಬತ್ತರ ದಶಕದಲ್ಲಿ ನಂಜನಗೂಡಿನ ಸುತ್ತ ಸೊಪ್ಪು ಬೆಳೆಯುವವರಿಗೆ ಬೀಜದ ವಿಚಾರ ತಿಳಿಸುವ ಭಾರ ನನ್ನ ಮೇಲಿತ್ತು. ನನ್ನ ಭಾಷಣ ನನಗೇ ಎಷ್ಟು ಹಿಡಿಸಿತ್ತೆಂದರೆ, ವಾಪಸು ಬರುವಾಗ ಬಸ್ಸಿನಲ್ಲಿ ಅದನ್ನೇ ಇನ್ನೊಮ್ಮೆ ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ. ಮನೆಯಲ್ಲಿ ಶುರುಮಾಡಿದರೆ ಹೆಂಡತಿಗೆ ಒಗ್ಗರಣೆಯ ನೆನಪಾಗುತ್ತಿತ್ತು.

ಭಾಷಣದ ಸಾರ ಇಷ್ಟೆ: ಒಳ್ಳೆಯ ಗಿಡವನ್ನೆಲ್ಲ ಕಿತ್ತು ಸಂತೆಗೆ ಕಳಿಸುತ್ತೀರಿ, ಗೇಣುದ್ದಕ್ಕೇ ಹೂ ಬಿಟ್ಟ ಬಡಕಲನ್ನು ಬೀಜಕ್ಕೆ ಉಳಿಸುತ್ತೀರಿ, ಮುಂದಿನ ಸಲ ಅದರ ಮಕ್ಕಳೂ ಬಡಕಲಾದರೆ ಮಣ್ಣನ್ನು ಬೈಯುತ್ತೀರಿ. ಹೆಡತಲೆ ಎಂಬ ಊರಿನ ದೇವಮ್ಮ ಇದಕ್ಕೆಲ್ಲ ತಲೆಯಾಡಿಸಿದ್ದಳು. ಆಕೆಯ ದಂಟು ತಡವಾಗಿ ಹೂ ಬಿಡುವ, ಬೆಣ್ಣೆಯಂತೆ ಬೇಯುವ ನಾಟಿ ತಳಿ. ನಾಲ್ಕು ಮಡಿ ಸೊಪ್ಪಿನಲ್ಲಿ ಅವಳ ಸಂಸಾರ ನಡೆಯುತ್ತಿತ್ತು. ಆ ಬೀಜ ಬೇರೆಲ್ಲೂ ಸಿಗದಿದ್ದರಿಂದ ಕೇರಿಯವರೂ ಅವಳ ಬಾಗಿಲಿಗೇ ಬರಬೇಕು. ನಾನು ಹನ್ನೆರಡು ಒಳ್ಳೆಯ ಗಿಡ ಆರಿಸಿ, ಫೈಲು ಕಟ್ಟುವ ಕೆಂಪು ಲಾಡಿಯನ್ನು ತುಂಡುಮಾಡಿ ಒಂದೊಂದಕ್ಕೂ ಕಟ್ಟಿದೆ. ಮಿಕ್ಕ ಬಡಕಲನ್ನೆಲ್ಲ ಇವತ್ತೇ ಕಿತ್ತುಹಾಕು ಎಂದು ಅಪ್ಪಣೆ ಕೊಟ್ಟೆ. ಲಾಡಿ ಯಾಕೆ ಎಂದು ಹೇಳಿದೆನೋ ಇಲ್ಲವೋ, ನೆನಪಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ನಾಲ್ಕು ದಿನ ಕಳೆದು ಮನೆಯಲ್ಲಿ ಮಧ್ಯಾಹ್ನ ದಂಟಿನ ಮಸ್ಸೊಪ್ಪು ಸಾರು. ಮೂರು ಸಲ ಬಡಿಸಿಕೊಂಡೆ. ಬೀಜಕ್ಕೆ ಬಿಟ್ಟರೆ ಇಂಥ ಗಿಡ ಬಿಡಬೇಕು ಎಂದು ಹೆಂಡತಿಗೆ ಪಾಠವನ್ನೂ ಹೇಳಿದೆ. ಅವಳು, ದೇವಮ್ಮ ಅಂತ ಯಾರೋ ಬಂದಿದ್ದಳು, ಬೇಡವೆಂದರೂ ಕೇಳದೆ ಕೊಟ್ಟುಹೋದಳು ಎನ್ನುತ್ತಾ, ಸೊಪ್ಪಿಗೆ ಕಟ್ಟಿದ್ದ ದಾರವನ್ನು ತಂದು ತೋರಿಸಿದಳು. ಕೆಂಪು ಲಾಡಿ. ಹನ್ನೆರಡು ತುಂಡು.

ಮರುದಿನ ಮೊದಲ ಬಸ್ಸಿಗೇ ಹೆಡತಲೆಗೆ ಓಡಿದೆ. ಮಡಿಗಳು ನನ್ನ ಅಪ್ಪಣೆಯಂತೆ ಗುಡಿಸಿಟ್ಟ ಹಾಗೆ ಬೋಳಾಗಿದ್ದವು. ಯಾಕಮ್ಮಾ ಕಿತ್ತೆ ಎಂದರೆ ದೇವಮ್ಮ ನನ್ನನ್ನೇ ವಿಚಿತ್ರವಾಗಿ ನೋಡಿದಳು.

"ಆಪೀಸರು ಆರಿಸಿ ಗುರುತು ಕಟ್ಟವ್ರೆ ಅಂದ್ಮೇಲೆ ಅವ್ರ ಮನೇಗೆ ಅಂತ ಗೊತ್ತಾಗಲ್ವಾ ಸಾ? ಇಂದೆ ಬಂದ ಆಪೀಸರು ಕುಂಬಳಕಾಯ್ಗೆ ಗೀರು ಆಕಿ ಓಗೋರು, ನಾವು ಅವ್ರ ಮನೇಗೆ ಒತ್ಕೊಂಡೋಗಿ ಕೊಡೋರು."

ಸಿಟ್ಟು ಬಂತು. ಆದರೆ ಆಕೆಯ ದಂಟು ನನ್ನ ಹೊಟ್ಟೆಯಲ್ಲಿರುವಾಗ ಯಾವ ಬಾಯಿಂದ ಬೈಯಲಿ? ಒಂದು ಊರಿನ ಬೀಜವನ್ನು ಮೂರು ಸಲ ಬಡಿಸಿಕೊಂಡು ತಿಂದುಬಿಟ್ಟೆನಲ್ಲ ಎಂದು ನಿಜಕ್ಕೂ ಅಳು ಬರುವಂತಾಯಿತು. ತಪ್ಪಾಯ್ತು ದೇವಮ್ಮ, ಅದು ಬೀಜಕ್ಕೆ ಅಂತ ಕಟ್ಟಿದ್ದು ಎಂದೆ.

ಅವಳು ನನ್ನನ್ನು ಮನೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಬಚ್ಚಲ ನೀರು ಹರಿಯುವಲ್ಲಿ ಆಳೆತ್ತರದ ಒಂದು ದಂಟು ತೆನೆ ತೂಗುತ್ತ ನಿಂತಿತ್ತು, ಕೇರಿಗೆಲ್ಲ ಆಗುವಷ್ಟು ಬೀಜ ಹೊತ್ತು. ಸುತ್ತ ಮುಳ್ಳು. ಕೊಂಬೆಗೆ ಒಂದು ಹರಿದ ಚಪ್ಪಲಿ.

"ನಮ್ಮತ್ತೆ ಕಾಲದಿಂದ್ಲೂ ಚೆನ್ನಾಗಿರೋದ ಇಲ್ಲಿ ಬುಡ್ತೀವಿ. ಮಡೀಲಿ ಉಳಿದಿದ್ದು ಸಂತೇಗೆ, ಸಾರ್ಗೆ. ನೀವು ಅಷ್ಟು ಆಸೆಯಿಂದ ಬುದ್ಧಿ ಏಳ್ತಿದ್ರಿ, ಅದ್ಕೆ ಸುಮ್ಕಿದ್ದೆ."

ಚಪ್ಪಲಿ ಯಾಕೆ ಎಂದು ಕೇಳಿದೆ. ಕೆಟ್ಟ ಕಣ್ಣು ಬೀಳಬಾರದು ಅಂತ ಎಂದು ಹೇಳಿ, ಪಾಪ, ಬೇರೆ ಕಡೆ ನೋಡಿದಳು.

ಅವತ್ತಿನಿಂದ ನನ್ನ ಭಾಷಣ ಅರ್ಧಕ್ಕಿಳಿಯಿತು. ಚೀಲದಲ್ಲಿ ಲಾಡಿಯ ಬದಲು ಹಳೆಯ ಚಪ್ಪಲಿ ಇಟ್ಟುಕೊಂಡು ಊರೂರು ತಿರುಗಿದೆ. ಬೀಜದ ಗಿಡಕ್ಕೆ ಮೊದಲು ಕಟ್ಟಿದ್ದು ನನ್ನದೇ ಜೋಡು. ಆಮೇಲೆ ಯಾರೂ ನಮ್ಮ ಮನೆಗೆ ಒಂದು ಕಟ್ಟು ಸೊಪ್ಪನ್ನೂ ತಂದುಕೊಟ್ಟಿಲ್ಲ. ಗುರುತು ಚೆನ್ನಾಗಿಯೇ ಕೆಲಸ ಮಾಡಿತು.